ಕ್ರಿಮಿ ಹೋದರೂ ಮುಷ್ಕರ ಬಿಡದ ದೊಡ್ಡ ಕರುಳಿನವರಿಗೆ

ಮಾನ್ಯ ದೊಡ್ಡ ಕರುಳಿನವರೇ,

ಹದಿನೆಂಟು ವರ್ಷ ಒಂದೇ ಮೈಯಲ್ಲಿದ್ದರೂ ತಮಗೊಂದು ನಮಸ್ಕಾರ ಹೇಳದ ಈ ಫಸ್ಟ್ ಇಯರ್ ವಿದ್ಯಾರ್ಥಿಯನ್ನು ಮನ್ನಿಸಬೇಕು. ತಮ್ಮ ಕ್ಷೇಮ ವಿಚಾರಿಸುವುದಿಲ್ಲ. ಅದು ಹಾಸ್ಟೆಲಿನ ಎರಡನೇ ಮಹಡಿಗೆಲ್ಲ ಗೊತ್ತು.

ನಾಲ್ಕು ತಿಂಗಳ ಹಿಂದೆ ಟ್ಯಾಂಕಿನ ನೀರು ಕುಡಿದು ನಾವು ಮೂವತ್ತು ಜನ ಮಲಗಿದ್ದು ತಮಗೆ ನೆನಪಿದೆ. ನೆನಪಿದೆ ಎಂಬುದೇ ನನ್ನ ದೂರು. ಇಪ್ಪತ್ತೊಂಬತ್ತು ಜನರ ಕರುಳುಗಳು ವಾರದೊಳಗೆ ಎಲ್ಲ ಮರೆತು ಡ್ಯೂಟಿಗೆ ಹಾಜರಾದವು. ತಾವು ಮಾತ್ರ, ನೆಂಟರು ಎಂದೋ ಹೊರಟುಹೋಗಿದ್ದರೂ, ದಿನಕ್ಕೆ ಆರು ಸಲ ಅವರನ್ನು ಬಾಗಿಲವರೆಗೆ ಬೀಳ್ಕೊಡುತ್ತಲೇ ಇದ್ದೀರಿ. ಇಂಥ ಮರ್ಯಾದಸ್ಥರನ್ನು ನಾನು ಕಂಡಿಲ್ಲ. ಡಾಕ್ಟರಮ್ಮ ಲ್ಯಾಬ್ ರಿಪೋರ್ಟ್ ತಿರುವಿಹಾಕಿ, "ಕ್ರಿಮಿ ಯಾವತ್ತೋ ಹೋಯ್ತು ಕಣಪ್ಪ, ನಿನ್ನ ಕರುಳಿಗೇ ಇನ್ನೂ ನಂಬಿಕೆ ಬಂದಿಲ್ಲ. ಕೆಲವರಿಗೆ ಹೀಗಾಗತ್ತೆ, ಟೈಮ್ ಹಿಡಿಯತ್ತೆ" ಎಂದರು. ಅಕ್ಕ ಫೋನಿನಲ್ಲಿ, "ಏನೂ ಇಲ್ವೋ, ಎಗ್ಸಾಮ್ ಭಯ" ಎಂದಳು. ರೂಂಮೇಟ್ ನನಗೆ 'ಮೀಟಿಂಗ್' ಎಂದೇ ಹೆಸರಿಟ್ಟಿದ್ದಾನೆ. ಯಾರು ಕೇಳಿದರೂ ಟಾಯ್ಲೆಟ್ ಬಾಗಿಲು ತೋರಿಸಿ, "ಸಾಹೇಬ್ರು ಮೀಟಿಂಗಲ್ಲಿದಾರೆ, ಚಪ್ಪಲಿ ಹೊರಗಿದೆ ನೋಡಿ" ಎನ್ನುತ್ತಾನೆ.

ವಿಷಯಕ್ಕೆ ಬರುತ್ತೇನೆ. ಸೋಮವಾರ ಗಣಿತ ಪರೀಕ್ಷೆ. ಮೂರು ಗಂಟೆ, ಒಮ್ಮೆ ಹೊರಗೆ ಹೋದವರನ್ನು ಮತ್ತೆ ಒಳಗೆ ಬಿಡುವುದಿಲ್ಲ. ಕಳೆದ ಟೆಸ್ಟಿನಲ್ಲಿ ತಾವು ನಲವತ್ತನೇ ನಿಮಿಷಕ್ಕೇ ಎಬ್ಬಿಸಿದಿರಿ. ಮೇಲ್ವಿಚಾರಕರು, "ಇಷ್ಟ್ ಬೇಗ ಮುಗಿಸಿದ್ಯಾ? ಭೇಷ್!" ಎಂದು ಬೆನ್ನು ತಟ್ಟಿದರು, ಆ ಸ್ಥಿತಿಯಲ್ಲಿ ಬೆನ್ನು ತಟ್ಟುವುದು ಎಷ್ಟು ಅಪಾಯವೆಂದು ಪಾಪ ಅವರಿಗೇನು ಗೊತ್ತು! ಇನ್ನೊಮ್ಮೆ ಹೀಗಾದರೆ ನನಗೆ ಒಂದು ವರ್ಷವೇ ಹೋಗುತ್ತದೆ.

ಆದಕಾರಣ ತಾವು ಮುಷ್ಕರದ ಹಿಂದಿನ ದಿನವೇ ಲಿಖಿತ ನೋಟಿಸ್ ಕೊಡಬೇಕೆಂದೂ, ಲ್ಯಾಬ್ ರಿಪೋರ್ಟನ್ನು ಖುದ್ದಾಗಿ ಓದಿ ಸಹಿ ಹಾಕಬೇಕೆಂದೂ, ಓದಲು ಬಾರದಿದ್ದರೆ ಸಣ್ಣ ಕರುಳಿನವರಿಂದ ಓದಿಸಿಕೊಳ್ಳಬೇಕೆಂದೂ, ಕೊನೆಗೆ ಇದ್ಯಾವುದೂ ಆಗದಿದ್ದರೆ ಎರಡು ಗಂಟೆ ಐವತ್ತು ನಿಮಿಷವಾದರೂ ದಯಪಾಲಿಸಬೇಕೆಂದೂ ಕೋರುತ್ತೇನೆ. ಇಷ್ಟು ಬರೆಯುವಷ್ಟರಲ್ಲಿ ತಾವು ಎರಡು ಸಲ ಕರೆದಿರಿ, ನಾನು ಎರಡು ಸಲವೂ ಬಂದೆ. ನನ್ನ ವಿಧೇಯತೆಗೆ ಬೇರೆ ಸಾಕ್ಷಿ ಬೇಕೇ?

ತಮಗೆ ನನ್ನಲ್ಲಿ ವಿಶ್ವಾಸ ಇಲ್ಲದಿದ್ದರೂ,
ತಮ್ಮ ವಿಶ್ವಾಸಿ,
ಎರಡನೇ ಮಹಡಿಯ 'ಮೀಟಿಂಗ್'

ಮರೆತಿದ್ದ ಮಾತು: ನಾವೆಲ್ಲ ಮಲಗಿದ ಆ ತಿಂಗಳು ಟ್ಯಾಂಕ್ ಹತ್ತಿ ನೋಡಿ, 'ಕ್ಲೀನ್ ಆಗಿದೆ' ಎಂದು ರಿಜಿಸ್ಟರಿಗೆ ಸಹಿ ಹಾಕುವ ಸರದಿ ನನ್ನದಾಗಿತ್ತು. ಎತ್ತರ ಕಂಡರೆ ತಲೆ ತಿರುಗುವ ನಾನು ಏಣಿಯ ಬುಡದಲ್ಲೇ ನಿಂತು ಸಹಿ ಹಾಕಿದೆ. ಇದು ಇದುವರೆಗೆ ವಾರ್ಡನ್ನಿಗೂ ಗೊತ್ತಿಲ್ಲ, ಆ ಇಪ್ಪತ್ತೊಂಬತ್ತು ಜನಕ್ಕೂ ಗೊತ್ತಿಲ್ಲ, ತಮಗೊಬ್ಬರಿಗೆ ಗೊತ್ತಿದ್ದಂತಿದೆ. ನಾಳೆ ಭಾನುವಾರ, ಸರದಿ ಮತ್ತೆ ನನ್ನದು. ಈ ಸಲ ಹತ್ತುತ್ತೇನೆ, ಆಣೆ. ಏಣಿಗೆ ಹದಿನಾರು ಮೆಟ್ಟಿಲು. ಎಂಟನೆಯದರಲ್ಲಿದ್ದಾಗ ಮಾತ್ರ ದಯವಿಟ್ಟು ಮೀಟಿಂಗ್ ಕರೆಯಬೇಡಿ.