ದಿಂಬಿನ ಕೆಳಗಿನ ಕಾಲುಚೀಲ

ಬಿಚ್ಚಿದ ಕಾಲುಚೀಲವನ್ನು ಎಲ್ಲಿಡಬೇಕು ಎಂಬ ಗಹನವಾದ ಪ್ರಶ್ನೆಯನ್ನು ಹಿಂದಿನ ಜ್ಞಾನಿಗಳು ಯಾರೂ ಕೈಗೆತ್ತಿಕೊಳ್ಳಲಿಲ್ಲ. ಆತ್ಮ ಎಲ್ಲಿದೆ ಎಂದು ಹುಡುಕಿದರೇ ಹೊರತು ಕಾಲುಚೀಲದ ಸುದ್ದಿಗೆ ಹೋಗಲಿಲ್ಲ. ಅದರ ಫಲ ಉಂಡವನು ಬೇಸಪ್ಪ.

ಬೇಸಪ್ಪ ಎಂಬುದು ಬೀದಿಯವರು ಇಟ್ಟ ಹೆಸರು. ಹಗಲು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ, ಸಂಜೆ ‘ಅರೆಗೋಡೆ’ ಎಂಬ ರಾಕ್ ಬ್ಯಾಂಡಿನಲ್ಲಿ ಬೇಸ್ ಗಿಟಾರು. ರಾಕಿಗೆ ಜಾನಪದ, ಜಾಝ್, ಶಾಸ್ತ್ರೀಯ ಎಲ್ಲವನ್ನೂ ಬೆರೆಸಿ, ಯಾರೂ ತನ್ನ ಮಗು ಎಂದು ಒಪ್ಪಿಕೊಳ್ಳದಂಥ ಸಂಗೀತವನ್ನು ಅವರು ಹುಟ್ಟಿಸಿದ್ದರು. ಯಾವ ಕಂಪನಿಯ ಹಂಗೂ ಇಲ್ಲದೆ, ತಾವೇ ಪೋಸ್ಟರು ಅಂಟಿಸಿಕೊಂಡು, ಸುತ್ತಲ ಊರುಗಳಲ್ಲೆಲ್ಲ ಹೆಸರನ್ನೂ ಮಾಡಿದ್ದರು.

ಹೆಸರು ತಂದದ್ದು ಒಂದೇ ಹಾಡು. ಬೇಸಪ್ಪನ ಮನೆಯಲ್ಲಿ ಪ್ರಾಕ್ಟೀಸು ನಡೆದ ದಿನ ಮೈಕು ಆರಿಸುವುದು ಮರೆತು, ಪಕ್ಕದ ಕೋಣೆಯಿಂದ ಅವನ ಹೆಂಡತಿಯ ದನಿ ರೆಕಾರ್ಡಿಂಗಿನೊಳಗೆ ಬಿದ್ದಿತ್ತು: “ಕಾಲುಚೀಲನ ದಿಂಬಿನ ಕೆಳಗೆ ಇಡೋ ಮನುಷ್ಯ ಮೂರು ಲೋಕ ಹುಡುಕಿದ್ರೂ ಸಿಗಲ್ಲ ರೀ. ನನ್ನ ಕರ್ಮಕ್ಕೆ ಸಿಕ್ಕಿದ್ರಿ.” ಅದಕ್ಕೆ ಬಾವಿಯೊಳಗಿನಿಂದ ಬಂದಂತೆ ಬೇಸಪ್ಪನ ಉತ್ತರ: “ಇನ್ಮೇಲೆ ಇಡಲ್ಲ ಕಣೇ.”

ಬ್ಯಾಂಡಿನ ಮುಖ್ಯಸ್ಥ ಗಡ್ಡದವನು ಅದನ್ನು ಕೇಳಿ ಕಣ್ಣು ಒರೆಸಿಕೊಂಡ. “ಲೋ, ನಾವು ಊರೂರು ಹುಡುಕಿದ ಜಾನಪದ ನಿನ್ನ ಮಲಗೋ ಕೋಣೇಲೇ ಇತ್ತಲ್ಲೋ. ಅಕ್ಕನ ಒಪ್ಪಿಗೆ ಕೇಳು.”

ಎರಡು ದಿನ ಬಿಟ್ಟು ಬೇಸಪ್ಪ “ಒಪ್ಪಿದಳು” ಎಂದ. ಕೇಳಿರಲಿಲ್ಲ. ಇಬ್ಬರ ದನಿಯೂ ಇದ್ದ ಹಾಗೇ ಹಾಡಿನೊಳಗೆ ಸೇರಿತು.

ಬ್ಯಾಂಡೆಂದರೆ ಮೂಗು ಮುರಿಯುವ ಹೆಂಡತಿ ಕೇಳಿಸಿಕೊಳ್ಳುವ ಭಯವಿಲ್ಲ ಎಂದು ಅವನು ನೆಮ್ಮದಿಯಾಗಿದ್ದ. ಆದರೆ ಆ ಶನಿವಾರ ಬೆಳಿಗ್ಗೆ ಎದುರುಮನೆಯ ಟೀಚರಮ್ಮ ಬಂದು ಬಾಗಿಲಲ್ಲೇ ನಿಂತರು. “ಸಂಜೆ ನಿಮ್ಮ ಕಾರ್ಯಕ್ರಮಕ್ಕೆ ನಾನೂ ನಿಮ್ಮ ಮನೆಯವಳೂ ಬರ್ತಿದ್ದೀವಿ. ಆ ಕಾಲುಚೀಲದ ಹಾಡು ಮೊನ್ನೆ ಬಸ್ಸಲ್ಲಿ ಕಿವಿಗೆ ಬಿತ್ತು. ಯಾರದೋ ಗುರುತಿನ ದನಿ ಇದ್ದ ಹಾಗಿತ್ತಪ್ಪ.”

ಬೇಸಪ್ಪನ ಬಾಯೊಳಗಿದ್ದ ನೀರು ಮೂಗಿನ ದಾರಿ ಹಿಡಿಯಿತು. “ಅಲ್ಲಿ ತುಂಬ ಗದ್ದಲ ಕಣೇ, ನಿನಗೆ ತಲೆನೋವು ಬರತ್ತೆ,” ಎಂದ.

“ಇಲ್ಲಿ ಏನು ಕಮ್ಮಿ ಇದೆ?” ಎಂದಳು ಹೆಂಡತಿ.

ಅಂಗಡಿಯಲ್ಲಾದರೂ ಸುಖವಿತ್ತೇ? ಒಂದು ಕಣ್ಣು ಮುಚ್ಚಿಕೊಂಡು ಅಕ್ಷರ ಓದುತ್ತಿದ್ದ ಗಿರಾಕಿ, ಲೆನ್ಸು ಬದಲಾಯಿಸುವ ಬಿಡುವಿನಲ್ಲಿ “ಇಡಲ್ಲ ಕಣೇ, ಇಡಲ್ಲ ಕಣೇ” ಎಂದು ಗುನುಗಿದ. “ಆ ಗಂಡಸು ಯಾರಿರಬಹುದು ಸಾರ್? ಪಾಪ, ಮಾನ ಮರ್ಯಾದೆ ಏನೂ ಇಲ್ಲ.”

“ಅದೆಲ್ಲ ಕಲ್ಪನೆ,” ಎಂದರು ಮಾಲೀಕರು. “ಅಷ್ಟೊಂದು ಅಯೋಗ್ಯನ್ನ ದೇವರು ಸೃಷ್ಟಿ ಮಾಡಲ್ಲ.”

ಬೇಸಪ್ಪನೂ ನಕ್ಕ. ನಗುವಾಗ ಅವನ ಕಾಲ್ಬೆರಳುಗಳು ಬೂಟಿನೊಳಗೆ ನಾಚಿಕೆಮುಳ್ಳಿನಂತೆ ಮುದುಡಿದವು. ಗಿರಾಕಿಯ ಬಲಗಣ್ಣಿನ ನಂಬರನ್ನು ಎಡಗಣ್ಣಿಗೆ ಬರೆದ.

ಸಂಜೆ ಸಭಾಂಗಣದ ಹಿಂಬದಿಯಲ್ಲಿ ಗಡ್ಡದವನ ಕೈ ಹಿಡಿದುಕೊಂಡು ಎಲ್ಲ ಒಪ್ಪಿಕೊಂಡ. “ಇವತ್ತೊಂದು ದಿನ ಆ ಹಾಡು ಬಿಟ್ಟುಬಿಡೋ.”

“ಹಾಡು ಬಿಟ್ರೆ ಜನ ನಮ್ಮನ್ನ ಬಿಡಲ್ಲ. ಹೆಂಡತಿ ಒಪ್ಪಿದಳು ಅಂತ ನನಗೇ ಸುಳ್ಳು ಹೇಳಿದೆಯಲ್ಲೋ, ಥೂ.” ಬೇಸಪ್ಪ ಹಿಡಿದ ಕೈ ಬಿಡಲಿಲ್ಲ. ಗಡ್ಡದವನಿಗೆ ಕನಿಕರ ಬಂತು. “ಸರಿ, ಅಕ್ಕನ ದನಿ ಬದಲಾಯಿಸ್ತೀನಿ. ಹೆತ್ತ ತಾಯಿಗೂ ಗುರುತು ಸಿಗಬಾರದು, ಹಾಗೆ.”

ಕಂಪ್ಯೂಟರಿನಲ್ಲಿ ಅದೇನೋ ಎಳೆದು, ತಗ್ಗಿಸಿ, ತೀಡಿದ. ಹೆಂಡತಿಯ ಗದರಿಕೆ ಇಪ್ಪತ್ತರ ಹುಡುಗಿಯ ಮುದ್ದು ಮುನಿಸಾಗಿ ಹೊರಬಿತ್ತು. ಬೇಸಪ್ಪನಿಗೆ ಹೋದ ಜೀವ ಬಂತು.

ಹಾಡು ಶುರುವಾದಾಗ ಸಭಾಂಗಣವೇ ಎದ್ದು ನಿಂತು “ಇನ್ಮೇಲೆ ಇಡಲ್ಲ ಕಣೇ” ಎಂದು ಒಕ್ಕೊರಲಿನಲ್ಲಿ ಮಾತು ಕೊಟ್ಟಿತು. ಅಷ್ಟು ಗಂಟಲುಗಳಿಂದ ತನ್ನ ಹೇಡಿತನವನ್ನು ಕೇಳುತ್ತ ಬೇಸಪ್ಪ ಗಿಟಾರಿನ ಮರೆಯಲ್ಲಿ ಆದಷ್ಟು ಚಿಕ್ಕವನಾದ. ಎರಡನೇ ಸಾಲಿನಲ್ಲಿ ಹೆಂಡತಿ ಕೈಕಟ್ಟಿ ಕೂತಿದ್ದಳು. ಮುಖದಲ್ಲಿ ಏನೂ ಇರಲಿಲ್ಲ. ಗೆದ್ದೆ ಎಂದುಕೊಂಡು ಅವನು ಕೊನೆಯ ಹಾಡಿಗೆ ಒಂದು ಸಲ ಜಿಗಿದ ಕೂಡ.

ಹೊರಗೆ ಗೇಟಿನ ಬಳಿ ಅವಳು ಕಾಯುತ್ತಿದ್ದಳು.

“ಯಾರವಳು?”

“ಯಾರು?”

“ನಿಮ್ಮನ್ನ ಬೈತಾಳಲ್ಲ, ಆ ಹುಡುಗಿ. ‘ಇಡಲ್ಲ ಕಣೇ’ ಅಂದಿದ್ದು ನೀವೇ. ಇಷ್ಟು ವರ್ಷ ಕೇಳಿದ್ದೀನಿ, ಆ ಸುಳ್ಳು ನನಗೆ ಗೊತ್ತಾಗಲ್ವಾ? ಅವಳ ಮನೇಲೂ ದಿಂಬಿನ ಕೆಳಗೇ ಇಡ್ತೀರಾ?”

“ಅಯ್ಯೋ, ಅದು ನೀನೇ ಕಣೇ.”

“ನನ್ನ ದನಿ ನನಗೆ ಗೊತ್ತಿಲ್ವಾ?”

“ನಾನೂ ಮೊದಲು ನಿನ್ನದೇ ಅಂದ್ಕೊಂಡಿದ್ದೆ ಕಣಮ್ಮ,” ಎಂದರು ಟೀಚರಮ್ಮ, ಸಮಾಧಾನ ಹೇಳುವ ದನಿಯಲ್ಲಿ. “ಇವತ್ತು ಸರಿಯಾಗಿ ಕೇಳಿಸಿಕೊಂಡೆ. ಇವಳು ಬೇರೆ. ಚಿಕ್ಕ ವಯಸ್ಸು.”

ಬೇಸಪ್ಪ ಓಡಿಹೋಗಿ ಗಡ್ಡದವನನ್ನು ಎಳೆದು ತಂದ. ಗೆಳೆಯನನ್ನು ಉಳಿಸಲೆಂದು ಅವನು ಕೈಮುಗಿದು ಹೇಳಿದ, “ಅಕ್ಕಾ, ಇದರಲ್ಲಿ ಮುಚ್ಚುಮರೆ ಏನಿಲ್ಲ. ನೀವು ಒಪ್ಪಿದ್ದೀರಿ ಅಂತ ಇವನು ಹೇಳಿದ ಮೇಲೇ ನಾವು ಮುಂದುವರಿದಿದ್ದು.”

“ನಾನು ಒಪ್ಪಿದ್ದೀನಿ ಅಂದ್ರಾ?” ಹೆಂಡತಿ ಗಂಡನ ಕಡೆ ತಿರುಗಿದಳು. “ಅವಳಿಗೆ?”

ಆ ತಿಂಗಳು ಬ್ಯಾಂಡಿಗೆ ಇನ್ನೆರಡು ಊರುಗಳಿಂದ ಕರೆ ಬಂತು. ಬೇಸಪ್ಪ ಸದ್ಯಕ್ಕೆ ಗಡ್ಡದವನ ಮನೆಯಲ್ಲಿದ್ದಾನೆ.