ನಿರಿಗೆ ಮುಂದಾದ ಕಿಲ್ಟು

ಕೈಯೊಳಗಿನ ಕೆಲಸ ಬದಿಗಿಟ್ಟು ಹತ್ತಿರ ಬಂದು ಕೂತುಕೊಳ್ರಿ. ಆ ಕಂಬಳಿ ಕಾಲಿನ ಮೇಲೆ ಎಳಕೊಳ್ರಿ, ಭೂಮಿಯ ದಕ್ಷಿಣ ತುದಿಗೆ ಹತ್ತಿರದ ಈ ಡನೀಡಿನ್ ಊರಿನ ಗಾಳಿ ಕಿಟಕಿ ಹಾಕಿದರೂ ಒಳಗೆ ಬರುವಂಥದ್ದು. ಹೇಳುವುದು ಸರಳ ಸಂಗತಿ. ಈ ಊರಿನ ಬೇಲಿ ಪರವಾನಗಿ ಕಚೇರಿಯಲ್ಲಿ ಗಂಡಸರು ನಿರಿಗೆಯನ್ನು ಮುಂದಕ್ಕೆ ಬಿಟ್ಟು ಕಿಲ್ಟು ಉಡತಕ್ಕದ್ದು ಎಂಬ ನಿಯಮ ಜಾರಿಯಲ್ಲಿದೆ. ಅದು ಬಂದದ್ದೂ ಕ್ರಮಬದ್ಧವಾಗಿಯೇ.

ಕಿಲ್ಟು ಅಂದರೆ ಸ್ಕಾಟ್ಲೆಂಡಿನ ಗಂಡಸರ ಉಡುಗೆ. ಚೌಕಳಿ ಉಣ್ಣೆ ಬಟ್ಟೆ, ಮೊಣಕಾಲಿನ ತನಕ, ಸೊಂಟಕ್ಕೆ ಸುತ್ತಿ ಬಕಲ್ ಹಾಕುವುದು. ಈ ಊರು ಕಟ್ಟಿದವರಲ್ಲಿ ಆ ಜನವೇ ಬಹಳ.

ಬಾಗಲಕೋಟಿ ಕಡೆಯ ಚನ್ನವೀರ ಆ ಕಚೇರಿಗೆ ಸೇರಿದಾಗ ತೊಂಬತ್ತು ದಿನ ಪರೀಕ್ಷೆಯ ಅವಧಿ ಎಂದು ಬರೆದುಕೊಟ್ಟಿದ್ದರು. ಅದು ಮುಗಿದ ಮೇಲೆ ಬೇಕಾದರೆ ಇಟ್ಟುಕೊಳ್ಳುವುದು, ಬೇಡವಾದರೆ ಕಳಿಸುವುದು. ಹೆಂಡತಿ ದ್ರಾಕ್ಷಾಯಣಿಗೆ ಇಲ್ಲಿಯ ಆಸ್ಪತ್ರೆಯಲ್ಲಿ ನರ್ಸ್ ಕೆಲಸ. ಇವನಿಗೆ ಮೊದಲು ಕೆಲಸ ಸಿಕ್ಕಿದ್ದು ಇದೇ ದೇಶದ ಇನ್ನೊಂದು ತುದಿಯ ಆಲ್ಬನಿಯಲ್ಲಿ. ಎರಡು ವರ್ಷ ಅಲ್ಲಿ ಫ್ಲಾಟ್‌ಮೇಟ್‌ಗಳ ಜೊತೆ ಇದ್ದು, ಮಗಳು ವಚನಾ ಶಾಲೆಗೆ ಹೋದ ಮೊದಲ ದಿನವನ್ನು ಫೋನಿನಲ್ಲಿ ನೋಡಿದ್ದ. ಈ ಕೆಲಸ ಹೋದರೆ ಮತ್ತೆ ಆಲ್ಬನಿ, ಮತ್ತೆ ಫೋನು. ಅದಕ್ಕೇ ಕಚೇರಿಯಿಂದ ಬಂದ ಒಂದೊಂದು ಇ-ಮೇಲನ್ನೂ ಓದಿ ಪಾಲಿಸುತ್ತಿದ್ದ. ಕಪ್ಪು ತೊಳೆದಿಡಿ ಅಂದರೆ ಎಲ್ಲರ ಕಪ್ಪೂ ತೊಳೆದಿಡುತ್ತಿದ್ದ.

ಐವತ್ತೆಂಟನೆಯ ದಿನ ಒಂದು ಪ್ರಕಟಣೆ ಬಂತು.

"ನಗರದ ಪರಂಪರೆಯನ್ನು ಗೌರವಿಸುವ ಸಲುವಾಗಿ, ಬರುವ ಸೋಮವಾರದಿಂದ ಸಿಬ್ಬಂದಿಯು ಸ್ಕಾಟಿಷ್ ಉಡುಪಿನಲ್ಲಿ ಹಾಜರಾಗತಕ್ಕದ್ದು."

ಯಾವತ್ತಿನ ತನಕ ಅಂತ ಬರೆದಿರಲಿಲ್ಲ. ಉಳಿದ ಮೂವತ್ತಾರು ಮಂದಿ ಅದನ್ನು ಓದದೆ ಅಳಿಸಿದರು. ಪ್ರಕಟಣೆಗಳಿಗೆ ಹಾಗೆ ಮಾಡುವುದೇ ಅಲ್ಲಿಯ ಪರಂಪರೆ. ಚನ್ನವೀರ ಹಳೆ ಬಟ್ಟೆಯ ದತ್ತಿ ಅಂಗಡಿಗೆ ಹೋಗಿ ಹಸಿರು ಚೌಕಳಿಯ ಕಿಲ್ಟು ತಂದ.

ಸೋಮವಾರ ಬೆಳಿಗ್ಗೆ ನೋಡಿದರೆ ಒಂದು ಬದಿ ಸಪಾಟು, ಇನ್ನೊಂದು ಬದಿ ತುಂಬ ನಿರಿಗೆ.

"ದ್ರಾಕ್ಷಿ, ಇದರ ಮುಂದಿನ ಬಾಜು ಯಾವುದು?"

ದ್ರಾಕ್ಷಾಯಣಿ ಇಳಕಲ್ಲಿನ ನೇಕಾರರ ಮನೆಯ ಮಗಳು. "ನಿರಿಗಿ ಮುಂದ ಬರ್ತಾವು. ಬೆನ್ನಿಗೆ ನಿರಿಗಿ ಬಿಟಗೊಂಡು ಯಾರರ ಅಡ್ಡಾಡ್ತಾರೇನು? ಸುಮ್ಮನ ನಿಂದರ್ರಿ" ಎಂದು ಒಂದೊಂದೇ ನಿರಿಗೆ ಸವರಿ ಬಕಲ್ ಬಿಗಿದಳು. ಒಳಗೆ ಉಣ್ಣೆಯ ಚೊಣ್ಣ ಹಾಕಿಸಿದಳು. ಕೇಳುವವರು ಬಹಳ, ಅದಕ್ಕೆ ಮೊದಲೇ ಹೇಳಿಬಿಟ್ಟೆ.

ಬಸ್ಸಿನ ಡ್ರೈವರ್ "ಗುಡ್ ಆನ್ ಯು, ಮೇಟ್" ಎಂದು ಭೇಷ್ ಹೇಳಿದ. ಲಿಫ್ಟಿನಲ್ಲಿ ಎಲ್ಲರೂ ಮಹಡಿಯ ಅಂಕಿಗಳನ್ನು ಹೊಸದಾಗಿ ಅಕ್ಷರ ಕಲಿಯುವವರಂತೆ ನೋಡುತ್ತ ನಿಂತರು. "ಇವತ್ತು ಗಾಳಿ ಸ್ವಲ್ಪ ಜಾಸ್ತಿ" ಅಂದಳು ಒಬ್ಬಾಕೆ. "ಹೌದು, ದಕ್ಷಿಣದ ಗಾಳಿ" ಅಂದ ಇನ್ನೊಬ್ಬ. ಅಷ್ಟೇ.

ಬಾಯಿಬಿಟ್ಟು ಕೇಳಿದವನು ಮೈಸೂರಿನ ವಾಸುದೇವ್. ಆ ಕಚೇರಿಯಲ್ಲಿ ಹನ್ನೊಂದು ವರ್ಷದ ಹಳಬ. ಟೀ ಹೊತ್ತಿಗೆ ಚನ್ನವೀರನನ್ನು ಫ್ರಿಜ್ಜಿನ ಮರೆಗೆ ಎಳೆದ.

"ಏನ್ರೀ ಇದು? ಯಾರ ಮದುವೆಗೆ ಬ್ಯಾಂಡ್ ಬಾರಿಸೋಕೆ ಹೊರಟಿದೀರಾ?"

"ಮೇಲ್ ಬಂದಿತ್ತಲ್ರಿ."

"ಮೇಲ್ ಬರತ್ತೆ. ಬಂದಿದ್ದೆಲ್ಲ ಉಟ್ಕೊಳ್ಳಕ್ಕಾಗತ್ತಾ? ನಾಳೆ ಪ್ಯಾಂಟ್ ಹಾಕ್ಕೊಂಡು ಬನ್ನಿ. ಇಲ್ಲಾಂದ್ರೆ ಖಾಯಂ ಆಗೋ ಆಸೆ ಬಿಟ್ಬಿಡಿ."

"ಸಾಹೇಬ್ರು ಬ್ಯಾಡ ಅಂತ ಬರದು ಕೊಟ್ಟರ ಬಿಡ್ತೀನ್ರಿ."

ಸಾಹೇಬರು ಫರ್ಗಸ್ ಮೆಕ್‌ಲೀನ್. ಅವರ ಮುತ್ತಜ್ಜ ಹಡಗಿನಲ್ಲಿ ತಂದ ಕಿಲ್ಟು ಮನೆಯಲ್ಲಿ ಗಾಜಿನ ಪೆಟ್ಟಿಗೆಯೊಳಗಿದೆ. ಕಿಲ್ಟಿನ ನಿರಿಗೆ ಬೆನ್ನ ಕಡೆ ಬರಬೇಕು. ಅದು ಅವರಿಗೆ ಹುಟ್ಟಿದಾಗಿನಿಂದ ಗೊತ್ತು. ಚನ್ನವೀರ ಎದುರು ಬಂದು ನಿಂತಾಗ ಅವರ ಕೈಯ ಬಿಸ್ಕತ್ತು ಚಹಾದೊಳಗೆ ಬಿತ್ತು. ಅದನ್ನು ಅಲ್ಲೇ ಬಿಟ್ಟು ಸಿಬ್ಬಂದಿ ವಿಭಾಗದ ಮುಖ್ಯಸ್ಥೆ ಬ್ರೆಂಡಾಳ ಹತ್ತಿರ ಹೋದರು.

"ಅವನು ಹಿಂದುಮುಂದಾಗಿ ಉಟ್ಟಿದ್ದಾನೆ."

ಬ್ರೆಂಡಾ ಪುಸ್ತಕ ತೆರೆದಳು. "ಹದಿನಾಲ್ಕನೆಯ ನಿಯಮ. ಸಿಬ್ಬಂದಿಯ ಸಾಂಪ್ರದಾಯಿಕ ಉಡುಗೆಯನ್ನು ಯಾರೂ ಟೀಕಿಸಕೂಡದು."

"ಅದು ನನ್ನ ಸಂಪ್ರದಾಯ, ಬ್ರೆಂಡಾ."

"ಇರಬಹುದು. ಉಟ್ಟವನು ಅವನು."

ಆಮೇಲೆ ಚನ್ನವೀರನನ್ನು ಕರೆಸಿ, "ನಿಮ್ಮ ಕಡೆ ಹೀಗೇ ಉಡುತ್ತಾರಾ?" ಎಂದು ಕೇಳಿದಳು. ಅವನು ಇದ್ದದ್ದು ಇದ್ದ ಹಾಗೆ, "ನಮ್ಮಲ್ಲಿ ನಿರಿಗೆ ಯಾವತ್ತೂ ಮುಂದೆಯೇ" ಅಂದ. 'ಕರ್ನಾಟಕ ಪದ್ಧತಿಯ ಕಿಲ್ಟು' ಎಂದು ದಾಖಲಾಯಿತು. ದಾಖಲಾದದ್ದನ್ನು ಪರಿಶೀಲಿಸಲು ಸಮಿತಿ ಆಯಿತು. ಸಮಿತಿಗೆ ಆ ನಾಡಿನ ಸಾಂಸ್ಕೃತಿಕ ಸಲಹೆಗಾರ ಬೇಕಾದ. ಸಲಹೆಗಾರನಿಗೆ ಕಟ್ಟಡದ ಕೆಳಗೇ ಕಾರು ನಿಲ್ಲಿಸುವ ಜಾಗ ಸಿಗುತ್ತದೆಂದು ತಿಳಿದ ಗಳಿಗೆಯಲ್ಲೇ ವಾಸುದೇವ್‌ಗೆ ನಾಡಿನ ನೆನಪು ಉಕ್ಕಿ ಬಂತು. "ಕರ್ನಾಟಕದ ಕಿಲ್ಟು ಅತ್ಯಂತ ಪುರಾತನವಾದದ್ದು" ಎಂದು ಸಹಿ ಹಾಕಿದ. ಆರು ಸಭೆ ನಡೆದವು. ಸುರಕ್ಷತಾ ಅಧಿಕಾರಿ ಗಾಳಿ ಅಳೆದು ವರದಿ ಕೊಟ್ಟ: "ನಿರಿಗೆಯು ಮುಂದಿದ್ದಲ್ಲಿ ಉಟ್ಟವರ ಕೈಗೆ ಸಿಗುತ್ತದೆ. ಹಿಂದಿದ್ದಲ್ಲಿ ಸಿಗುವುದಿಲ್ಲ. ಆದ್ದರಿಂದ ಮುಂದಿರುವುದೇ ಕ್ಷೇಮ."

ಎಂಬತ್ತೊಂಬತ್ತನೆಯ ದಿನ ವಚನಾಳ ಶಾಲೆಗೆ ಬ್ಯಾಗ್‌ಪೈಪ್ ಊದುವವರು ಬಂದಿದ್ದರು. ಸಂಜೆ ಮನೆಗೆ ಬಂದ ಅಪ್ಪನನ್ನು ಮೇಲಿಂದ ಕೆಳಗೆ ನೋಡಿ, "ಡ್ಯಾಡ್, ಯುವರ್ಸ್ ಈಸ್ ಬ್ಯಾಕ್‌ವರ್ಡ್ಸ್" ಅಂದಳು. ಫೋನಿನಲ್ಲಿ ಕಿಲ್ಟು ಉಟ್ಟವರ ಫೋಟೋ ಹುಡುಕಿ ನೋಡಿದರು. ಎಲ್ಲರ ನಿರಿಗೆಯೂ ಬೆನ್ನಿಗೆ.

"ಅವರು ತಪ್ಪು ಉಟಗೊಂಡಾರ" ಅಂದಳು ದ್ರಾಕ್ಷಾಯಣಿ. ಫೋನು ಕೆಳಗಿಟ್ಟು, "ಆದರೂ ನಾಳೆ ಖರೇ ಹೇಳಿಬಿಡ್ರಿ. ಸುಳ್ಳಿನ ಮ್ಯಾಲ ಖಾಯಂ ಆಗೂದು ಬ್ಯಾಡ."

"ಹೇಳಿದರ ಮತ್ತ ಆಲ್ಬನಿ ಆಗ್ತದ ನೋಡು."

ಅವಳು ಮಡಿಚಿಟ್ಟ ಬಟ್ಟೆಗಳನ್ನೇ ಬಿಚ್ಚಿ ಮತ್ತೆ ಮಡಿಚತೊಡಗಿದಳು.

ಮರುದಿನ ಫರ್ಗಸ್ ಮತ್ತು ಬ್ರೆಂಡಾ ಎದುರು ಕೂತಿದ್ದರು. ಚನ್ನವೀರ ಎದ್ದು ನಿಂತು, "ನಾನು ಉಟ್ಟದ್ದು ತಪ್ಪು. ನಿರಿಗೆ ಹಿಂದೆ ಇರಬೇಕಂತೆ. ನನಗೆ ಗೊತ್ತಿರಲಿಲ್ಲ, ಕ್ಷಮಿಸಿ" ಅಂದ.

"ಅಬ್ಬ, ನಾನೂ ಅದನ್ನೇ—" ಎಂದರು ಫರ್ಗಸ್.

ಬ್ರೆಂಡಾ ಪೆನ್ನು ಕೆಳಗಿಟ್ಟು ಚನ್ನವೀರನ ಕಡೆ ತಿರುಗಿದಳು. "ನೀವೀಗ ಸಿಬ್ಬಂದಿಯೊಬ್ಬರ ಸಾಂಪ್ರದಾಯಿಕ ಉಡುಗೆಯನ್ನು ಟೀಕಿಸಿದಿರಿ."

"ಅದು ನಾನು ಉಟ್ಟಿದ್ದೇ ಅಲ್ಲವೇ?"

"ಯಾರು ಉಟ್ಟಿದ್ದೆಂದು ನಿಯಮ ಕೇಳುವುದಿಲ್ಲ. ಆರು ಸಭೆ ಆಗಿವೆ. ಗಾಳಿ ಅಳೆದಾಗಿದೆ. ಕಾರಿನ ಜಾಗ ಕೊಟ್ಟಾಗಿದೆ. ಮಾತು ಹಿಂತೆಗೆದುಕೊಳ್ಳಿ. ಫರ್ಗಸ್, ನೀವು ಕೂಡ."

ಇಬ್ಬರೂ ಹಿಂತೆಗೆದುಕೊಂಡರು. ಚನ್ನವೀರನ ಕೈಗೆ ಖಾಯಂ ಆದೇಶ ಬಂತು. ಜೊತೆಯಲ್ಲೇ ಗೋಡೆಗೆ ಪ್ರಕಟಣೆ ಅಂಟಿತು: ಕಚೇರಿಯಲ್ಲಿ ದಾಖಲಾಗಿರುವುದು ಒಂದೇ ಪದ್ಧತಿಯಾದ್ದರಿಂದ, ಗಂಡಸರೆಲ್ಲರೂ ಅದರಂತೆಯೇ ಉಡತಕ್ಕದ್ದು.

ಈಗ ಎಲ್ಲರೂ ಸುಖವಾಗಿದ್ದಾರೆ. ಫರ್ಗಸ್ ಮುತ್ತಜ್ಜನ ಕಿಲ್ಟನ್ನು ಗಾಜಿನ ಪೆಟ್ಟಿಗೆಯಿಂದ ತೆಗೆದು ತಿರುಗಿಸಿ ಉಡುತ್ತಾರೆ, ಕೂತರೆ ನಿರಿಗೆ ಮುದುಡುವುದಿಲ್ಲವೆಂದು ಕಂಡವರಿಗೆಲ್ಲ ಹೇಳುತ್ತಾರೆ. ಬ್ರೆಂಡಾಗೆ ಬಡ್ತಿಯಾಗಿ, ಕಾಲುಚೀಲದ ಉದ್ದದ ಬಗ್ಗೆ ನಿಯಮ ಬರೆಯುತ್ತಿದ್ದಾಳೆ. ವಾಸುದೇವ್ ಪದ್ಧತಿಯ ಇತಿಹಾಸವನ್ನು ಪ್ರತಿ ತಿಂಗಳು ಒಂದು ಶತಮಾನ ಹಿಂದಕ್ಕೆ ಒಯ್ಯುತ್ತಿದ್ದಾನೆ. ದ್ರಾಕ್ಷಾಯಣಿಗೆ ರಜೆಯಿದ್ದ ಸೋಮವಾರ ಮೂವತ್ತು ಗಂಡಸರು ಟೀ ಕೋಣೆಯಲ್ಲಿ ಸಾಲಾಗಿ ನಿಲ್ಲುತ್ತಾರೆ. ಅವಳು ಒಬ್ಬೊಬ್ಬರ ನಿರಿಗೆ ಸರಿಮಾಡಿ ಮನೆಗೆ ಬರುತ್ತಾಳೆ. ವಚನಾಳನ್ನು ಶಾಲೆಗೆ ಬಿಡುವವನು ದಿನಾ ಅವಳಪ್ಪನೇ.

ಚಳಿಗಾಲದಲ್ಲಿ ಮೊಣಕಾಲು ನೋಯುತ್ತದೆಂದು ಚನ್ನವೀರ ಪ್ಯಾಂಟು ಧರಿಸಲು ಅನುಮತಿ ಕೋರಿ ಅರ್ಜಿ ಹಾಕಿದ್ದಾನೆ. ಪ್ಯಾಂಟು ಅವನ ಪರಂಪರೆಯೆಂಬುದಕ್ಕೆ ಫೋಟೋ ಸಹಿತ ಪುರಾವೆ ಕೊಡಿ ಎಂದು ಉತ್ತರ ಬಂತು. ಅವನು ತನ್ನ ಮದುವೆಯ ಫೋಟೋ ಕಳಿಸಿದ, ಆಮೇಲೆ ತಾನೂ ಒಮ್ಮೆ ನೋಡಿದ. ಅದರಲ್ಲಿ ಉಟ್ಟಿರುವುದು ಧೋತರ.