ಡೌವೆಯ ತಲೆಯೊಳಗಿನ ಮಾತು

ಡೊಕ್ಕುಮ್ ಊರಿನ ಡೌವೆಗೆ ಲಕ್ವ ಹೊಡೆದು ಮಾತು ಬಿದ್ದುಹೋಗಿ ಮೂರು ವರ್ಷ. ಈಚೆಗೆ ಆಸ್ಪತ್ರೆಯವರು ಪ್ರಯೋಗಕ್ಕೆಂದು ಅವನ ತಲೆಯೊಳಗೆ ಎಲೆಕ್ಟ್ರಾನಿಕ್ ಚಿಪ್ ಒಂದನ್ನು ಕೂರಿಸಿದ್ದರು. ಮನಸ್ಸಲ್ಲಿ ಅಂದುಕೊಂಡದ್ದನ್ನು ತೊಡೆಯ ಮೇಲಿನ ಪೆಟ್ಟಿಗೆ ಗಟ್ಟಿಯಾಗಿ ಹೇಳುತ್ತಿತ್ತು. ಮೊದಲ ದಿನ ಅದು "ಫೆಮ್ಕೆ" ಎಂದು ಹೆಂಡತಿಯನ್ನು ಕರೆದಾಗ ಗಂಡ ಹೆಂಡಿರಿಬ್ಬರೂ ಗೊಳೋ ಎಂದು ಅತ್ತಿದ್ದರು.

ಇವತ್ತು ಆಸ್ಪತ್ರೆಯ ನೀತಿ ಸಮಿತಿಯ ಅಧ್ಯಕ್ಷೆ ಫಾನ್ ಡೋರ್ನ್ ಅವರು ಪರೀಕ್ಷೆಗೆ ಬರುವವರಿದ್ದರು. ಅದಕ್ಕೆ ಮೊದಲೇ ಪಕ್ಕದ ಮನೆಯ ಸೀಟ್ಸೆ ನುಗ್ಗಿದ. ಕರೆಯದೆ ಬರುವುದರಲ್ಲಿ ಅವನು ನಿಸ್ಸೀಮ.

"ನೋಡಪ್ಪಾ ಡೌವೆ, ನೀನು ಹೇಳ್ಬಾರ್ದು ಅಂತಿರೋದನ್ನೂ ಪೆಟ್ಟಿಗೆ ಬಾಯಿಬಿಟ್ರೆ ಮುಗೀತು. ನೀತಿಗೆ ವಿರುದ್ಧ ಅಂತ ಕಿತ್ಕೊಂಡು ಹೋಗ್ತಾರೆ! ಏನೇ ಬರ್ಲಿ, ನಾನೇ ಬೇಕೂಂತ ಹೇಳಿದ್ದು ಅಂದ್ಬಿಡು."

ಮತ್ತೆ ಮೂಕನಾಗುವುದನ್ನು ನೆನೆದೇ ಡೌವೆಗೆ ಅಳು ಬಂತು.

ಹತ್ತೂವರೆಗೆ ಅಧ್ಯಕ್ಷೆ ಬಂದರು. ಫೆಮ್ಕೆ ಕಾಫಿ ಕೊಟ್ಟು, ಡಬ್ಬಿ ತೆರೆದು ತಲೆಗೊಂದು ಬಿಸ್ಕತ್ತು ಹಂಚಿ, ರೂಢಿಯಂತೆ ಟಪ್ಪನೆ ಮುಚ್ಚಿದಳು.

"ಮುಚ್ಚಿದ್ಲು ಜಿಪುಣಿ!" ಎಂದಿತು ಪೆಟ್ಟಿಗೆ.

ಅಧ್ಯಕ್ಷೆ ಪೆನ್ನು ತೆಗೆದರು. "ಇದನ್ನ ಬೇಕೂಂತಲೇ ಹೇಳಿದ್ರಾ?"

ಸೀಟ್ಸೆ ಕಣ್ಣು ಹೊಡೆದ. "ಹೌದಮ್ಮ, ನಾನೇ," ಎಂದ ಡೌವೆ, ಪೆಟ್ಟಿಗೆಯ ಮೂಲಕವೇ.

ಏನೂ ಯೋಚಿಸಬಾರದು ಅಂದುಕೊಂಡಷ್ಟೂ ಅವನ ತಲೆ ಸಂತೆಯಾಯಿತು. "ಈ ಸೀಟ್ಸೆ ಯಾವಾಗ ತೊಲಗ್ತಾನಪ್ಪಾ!" ಎಂದಿತು ಪೆಟ್ಟಿಗೆ.

"ಇದೂ?"

"ಹೌದು."

ಸೀಟ್ಸೆ ಇಂಗು ತಿಂದ ಮಂಗನಂತಾದ.

"ಈಯಮ್ಮನ ಟೋಪಿ ನೋಡು, ಕೋಳಿಗೂಡು!"

"ಇದೂ?" ಅಧ್ಯಕ್ಷೆ ಟೋಪಿ ಮುಟ್ಟಿಕೊಂಡರು.

"ಹೌದಮ್ಮ."

"ಫೆಮ್ಕೆ ಮಾಡೋ ಬಟಾಣಿ ಸೂಪು ಗೋಡೆಗೆ ಮೆತ್ತೋಕೇ ಲಾಯಕ್ಕು! ಅಯ್ಯೋ... ಹೌದು, ಹೌದು, ಎಲ್ಲಾ ನಾನೇ!"

"ಮೂವತ್ತು ವರ್ಷ ಬಡಿಸಿದೀನಲ್ರೀ!" ಫೆಮ್ಕೆಯ ಕಣ್ಣು ತುಂಬಿತು. "ಯಂತ್ರದ ತಪ್ಪು ಅಂದಿದ್ರೆ ನಂಬ್ತಿದ್ದೆ. ಬೇಕೂಂತಲೇ ಅಂದ್ರಾ?"

ಡೌವೆ ತಲೆ ತಗ್ಗಿಸಿದ. ಆದರೆ ನಾಳೆ ಅವಳನ್ನು ಸಮಾಧಾನ ಮಾಡುವುದಕ್ಕಾದರೂ ಮಾತು ಉಳಿಯಬೇಕಲ್ಲ.

ಅಧ್ಯಕ್ಷೆ ಎದ್ದು ಕೈಕುಲುಕಿದರು. "ಅಭಿನಂದನೆ! ಒಂದು ಮಾತೂ ನಿಮ್ಮ ಇಷ್ಟ ಮೀರಿ ಬಂದಿಲ್ಲ. ಯಂತ್ರ ಪಾಸು, ಪ್ರಯೋಗ ಮುಗೀತು. ಗುರುವಾರ ಬನ್ನಿ, ಚಿಪ್ ತೆಗೀತಾರೆ."

"ತೆಗೀತಾರಾ?"

"ಪ್ರಯೋಗ ಮುಗಿದ್ಮೇಲೆ ತಲೇಲಿ ಬಿಡೋ ಹಾಗಿಲ್ಲ. ದೋಷ ಸಿಕ್ಕಿದ್ರೆ ಇನ್ನೆರಡು ವರ್ಷ ನಿಮ್ಮಲ್ಲೇ ಇಟ್ಟು ನೋಡ್ಬೇಕಾಗ್ತಿತ್ತು. ಸದ್ಯ, ಆ ತಾಪತ್ರಯ ತಪ್ಪಿತು."

"ಸುಳ್ಳು! ಒಂದೂ ನಾನು ಹೇಳಿದ್ದಲ್ಲ! ಎಲ್ಲಾ ಅದೇ ಬಾಯಿಬಿಟ್ಟಿದ್ದು!" ಪೆಟ್ಟಿಗೆ ಕಿರುಚಿತು.

"ನೋಡಿ, ಇದನ್ನೂ ಎಷ್ಟು ಚೆನ್ನಾಗಿ, ಬೇಕೂಂತಲೇ ಹೇಳಿದ್ರಿ!" ಎಂದು ಅಧ್ಯಕ್ಷೆ ಸಂತೋಷದಿಂದ ಬರೆದುಕೊಂಡು ಹೊರಟೇಹೋದರು.